ಮೀಟರ್ ಮೇಲೆ ಎಷ್ಟು ಕೊಡ್ತೀರಾ?

ಬೆಂಗಳೂರಿನಲ್ಲಿ ಮೀಟರ್ ಎಂಬ ಪದಕ್ಕೆ ಮರ್ಯಾದೆ ಅಷ್ಟಕ್ಕಷ್ಟೇ. ಆಟೋದಲ್ಲಿ ಅದೊಂದು ಅಲಂಕಾರ. ಅಪ್ಪಿತಪ್ಪಿ ಓಡಿದರೂ ರಾತ್ರಿ ಹತ್ತು ದಾಟಿದರೆ ಒಂದೂವರೆ. ಇಂಥ ಊರಿನಲ್ಲಿ ಮಗ ಬಂದು 'ಅಮ್ಮಾ, ಟ್ರ್ಯಾಕ್ ಸೈಕಲ್‌ಗೆ ಪವರ್ ಮೀಟರ್ ತಗೋಬೇಕು' ಅಂದರೆ ತಾಯಿ ಕೇಳುವುದು ಸಹಜವೇ: 'ಯಾಕೋ, ಕರೆಂಟ್ ಸೈಕಲ್ಲಾ? ಬೆಸ್ಕಾಂನೋರು ಬಂದು ರೀಡಿಂಗ್ ತಗೋತಾರಾ?' ಬೆಲೆ ಕೇಳಿದ ಮೇಲೆ ಪ್ರಶ್ನೆ ಬದಲಾಗುತ್ತದೆ: 'ಇಷ್ಟು ದುಡ್ಡಿಗೆ ಹಳೇ ಸ್ಕೂಟರ್ರೇ ಬರುತ್ತಲ್ಲೋ, ತುಳಿಯೋ ಕಷ್ಟಾನೂ ಇರಲ್ಲ.' ಈ ಎರಡನೆಯ ಪ್ರಶ್ನೆಗೆ ಸೈಕ್ಲಿಂಗ್ ಲೋಕದಲ್ಲಿ ಇನ್ನೂ ಉತ್ತರವಿಲ್ಲ.

ಮೊದಲನೆಯದಕ್ಕೆ ಇದೆ. ಪವರ್ ಮೀಟರ್ ಅಳೆಯುವುದು ಕರೆಂಟನ್ನಲ್ಲ, ತುಳಿಯುವವರ ಶಕ್ತಿಯನ್ನು. ಕಾಲು ಒತ್ತಿದಾಗ ಲೋಹ ಕೂದಲೆಳೆಗಿಂತ ಕಡಿಮೆ ಬಾಗುತ್ತದೆ. ಆ ಬಾಗನ್ನು ಸ್ಟ್ರೇನ್ ಗೇಜ್ ಎಂಬ ಪುಟ್ಟ ತಗಡು ಗುರುತಿಸುತ್ತದೆ, ಅದರಿಂದ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟೆಂದು ತಿಳಿಯುತ್ತದೆ, ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್. ಕಥೆ ಇಷ್ಟೇ. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಎಸ್‌ಆರ್‌ಎಂ ಕಂಪನಿ ಶುರುಮಾಡಿದಾಗಲೂ ಇದೇ ಲೆಕ್ಕ, ಈಗಲೂ ಇದೇ ಲೆಕ್ಕ. ಕೈ ಸುಡುವುದು ಲೆಕ್ಕದಲ್ಲಲ್ಲ, ರೋಡ್ ಸೈಕಲ್‌ಗೆಂದು ಹುಟ್ಟಿದ ಮೀಟರನ್ನು ಟ್ರ್ಯಾಕ್ ಸೈಕಲ್‌ಗೆ ಕೂರಿಸುವಾಗ.

ಟ್ರ್ಯಾಕ್ ಸೈಕಲ್‌ಗೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗಲೇಬೇಕು. ಸಂಸಾರದ ಹಾಗೆ, ಮಧ್ಯದಲ್ಲಿ ಕಾಲು ಚಾಚಿ ಕೂರುವ ಅವಕಾಶವಿಲ್ಲ. ಬ್ರೇಕ್ ಕೂಡ ಇಲ್ಲ, ಹಾಗಾಗಿ ರಸ್ತೆಗೆ ತರುವ ವಸ್ತುವಲ್ಲ ಇದು. ಓಡಿಸಲು ಬೆಂಗಳೂರಿನಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಅಂಗಣ, ಇಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ 250 ಮೀಟರ್‌ನ ಮರದ ಟ್ರ್ಯಾಕ್ ಇರುವುದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ. ಇಲ್ಲಿನ ಟ್ರ್ಯಾಕ್ ಸೈಕಲ್‌ಗಳು ವರ್ಷದ ಬಹುಪಾಲು ಮೂರನೇ ಮಹಡಿಯ ಹಾಲ್‌ನಲ್ಲಿ, ಇದ್ದಲ್ಲೇ ತುಳಿಯುವ ರೋಲರ್ ಮೇಲೆ, ಕೆಳಗಿನ ಮನೆಯವರ ಶಾಪದ ಮಧ್ಯೆ ಓಡುತ್ತವೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು 'ಆ್ಯಕ್ಯುರಸಿ ಎಷ್ಟು?' ಪ್ಲಸ್ ಮೈನಸ್ ಒಂದು ಪರ್ಸೆಂಟಾ, ಎರಡಾ? ಮೂರು ನೂರು ವ್ಯಾಟ್‌ನಲ್ಲಿ ಒಂದು ಪರ್ಸೆಂಟ್ ಎಂದರೆ ಮೂರು ವ್ಯಾಟ್. ಅಷ್ಟಕ್ಕೆ ತಲೆ ಕೆಡಿಸಿಕೊಂಡವರು ಮನೆಗೆ ತಂದ ಮೇಲೆ ಪೆಡಲ್ ಬಳಿಯ ಹಲ್ಲಿನ ಚಕ್ರ, ಅಂದರೆ ಚೈನ್‌ರಿಂಗ್, ಕೂರುವುದೇ ಇಲ್ಲ ಎಂದು ಕಂಡುಕೊಳ್ಳುತ್ತಾರೆ. ಕೇಳಬೇಕಾದ ಮೊದಲ ಸಂಖ್ಯೆ 144. ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ. ಟ್ರ್ಯಾಕ್ ಚೈನ್‌ರಿಂಗ್‌ಗಳ ವಾಡಿಕೆಯ ಅಳತೆ ಐದು ಬೋಲ್ಟ್, 144. ರೋಡ್ ಸೈಕಲ್‌ನ ಕ್ರ್ಯಾಂಕ್‌ಗಳದ್ದು, ಅಂದರೆ ಪೆಡಲ್ ಹಿಡಿದಿರುವ ತೋಳುಗಳದ್ದು, 130 ಅಥವಾ 110. ನಮ್ಮ ಊರಿನಲ್ಲಿ 144 ಎಂದರೆ ನಾಲ್ಕು ಜನ ಒಟ್ಟಿಗೆ ಸೇರಬಾರದು ಅಂತ ಅರ್ಥ. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಆ ಸೆಕ್ಷನ್ 163 ಆಗಿದೆ, ಟ್ರ್ಯಾಕ್‌ನಲ್ಲಿ ಮಾತ್ರ ಇನ್ನೂ 144 ಜಾರಿಯಲ್ಲಿದೆ: 130ರ ಸ್ಪೈಡರ್, ಅಂದರೆ ಕ್ರ್ಯಾಂಕಿಗೆ ಚೈನ್‌ರಿಂಗ್ ಹಿಡಿಸುವ ಕವಲು, ತಂದವರ ಬೋಲ್ಟೂ ರಂಧ್ರವೂ ಒಟ್ಟಿಗೆ ಸೇರುವುದಿಲ್ಲ.

ಆಮೇಲೆ ಚೈನ್‌ಲೈನ್. ಫ್ರೇಮಿನ ನಡುಗೆರೆಯಿಂದ ಚೈನ್‌ರಿಂಗ್‌ನ ಹಲ್ಲಿಗೆ ಟ್ರ್ಯಾಕ್‌ನಲ್ಲಿ ಸುಮಾರು 42 ಮಿ.ಮೀ. ಇರಬೇಕು. ಎರಡು ರಿಂಗಿನ ರೋಡ್ ಕ್ರ್ಯಾಂಕ್‌ನಲ್ಲಿ ಹೊರಗಿನ ರಿಂಗ್ 46ರ ಆಸುಪಾಸು, ಒಳಗಿನದು 41ರ ಆಸುಪಾಸು. 'ಒಳಗಿನ ಜಾಗಕ್ಕೇ ಹಾಕಿದ್ರಾಯ್ತಲ್ಲ ಗುರೂ' ಅಂತ ಐವತ್ತು ಹಲ್ಲಿನ ರಿಂಗ್ ಕೂರಿಸಲು ಹೋದರೆ ಅದು ಹಿಂದಿನ ಚಕ್ರದ ಪಕ್ಕದ ಪೈಪಿಗೆ, ಅಂದರೆ ಚೈನ್‌ಸ್ಟೇಗೆ, ಮುತ್ತಿಡುತ್ತದೆ. ಹೊರಗೇ ಇರಲಿ ಎಂದರೆ ಚೈನ್ ಓರೆ. ಗೇರ್ ಸೈಕಲ್‌ನಲ್ಲಿ ಚೈನ್ ಓರೆಯಾದರೆ ಕಿರಿಕಿರಿ. ಫ್ರೀವೀಲ್ ಇಲ್ಲದ ಫಿಕ್ಸೆಡ್ ಸೈಕಲ್‌ನಲ್ಲಿ ಐವತ್ತು ಕಿ.ಮೀ. ವೇಗದಲ್ಲಿ ಚೈನ್ ಹಾರಿದರೆ ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು. ಇಲ್ಲಿ ಮಾತ್ರ ನಗುವ ವಿಷಯವಿಲ್ಲ. ಅಳೆಯದೆ ಕೊಳ್ಳಬೇಡಿ. ಹಾಗೆಯೇ ಟ್ರ್ಯಾಕ್ ಚೈನ್‌ನ ಒಳ ಅಗಲ ಇಂಚಿನ ಎಂಟನೇ ಒಂದು. ರೋಡಿನದು ಅದಕ್ಕಿಂತ ಕಿರಿದು, ದಪ್ಪ ಹಲ್ಲಿನ ರಿಂಗಿಗೆ ಇಳಿಯುವುದೇ ಇಲ್ಲ.

ಕ್ರ್ಯಾಂಕ್ ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್, ಬಿಚ್ಚುವುದು ಬೀದಿ ಕೊನೆಯ ಮೆಕ್ಯಾನಿಕ್ಕಿನ ಕೈಗೆ ಹೋದರೆ ಒಂದು ಮಾತು ಹೇಳಿಬಿಡಿ. ಬಿಎಸ್‌ಎ ಎಂಬ ಅಳತೆಯ ಥ್ರೆಡ್‌ನಲ್ಲಿ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಹೇಳದಿದ್ದರೆ ಅವನು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಾ ಹೋಗುತ್ತಾನೆ, ಸ್ಪ್ಯಾನರ್‌ಗೆ ಪೈಪು ಸಿಕ್ಕಿಸುತ್ತಾನೆ, ಕೊನೆಗೆ 'ಜಾಮ್ ಆಗಿದೆ ಸಾರ್' ಎಂದು ಸುತ್ತಿಗೆ ಎತ್ತುತ್ತಾನೆ.

ಇನ್ನು ಮೀಟರನ್ನು ಯಾವ ಅಂಗದಲ್ಲಿ ಇಡುವುದು? ಅಗ್ಗದ್ದು ಎಡ ಕ್ರ್ಯಾಂಕಿನದು. ಅದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಆಟೋದವರ ಒಂದೂವರೆಗಿಂತ ಒಂದು ಹೆಜ್ಜೆ ಮುಂದೆ, ಇದು ಹಗಲೂ ರಾತ್ರಿ ಡಬಲ್ ಮೀಟರ್. ಎಡಗಾಲು 140, ಬಲಗಾಲು 160 ಕೊಟ್ಟರೆ ನಿಜವಾದದ್ದು 300; ಪರದೆ ಹೇಳುವುದು 280. ಅದಲುಬದಲಾದರೆ 320. ಸುಸ್ತಾದಂತೆ ಎರಡೂ ಕಾಲುಗಳ ಪಾಲು ಬದಲಾಗುವುದರಿಂದ 'ನಂದು ಯಾವಾಗಲೂ ಇಷ್ಟೇ ಕಮ್ಮಿ ತೋರ್ಸತ್ತೆ' ಎಂಬ ಸಮಾಧಾನವೂ ದಕ್ಕುವುದಿಲ್ಲ. ರೋಲರ್ ಮೇಲೆ ಒಂದೇ ಸಮ ತುಳಿಯುವವರಿಗೆ ಇದು ನಡೆಯುತ್ತದೆ. ನಿಂತಲ್ಲಿಂದ ಹೊರಡುವ ಸ್ಪ್ರಿಂಟರ್‌ಗೆ ಬೇಡ: ಮೊದಲ ಒತ್ತು ಎಡಗಾಲಿನದಾದರೆ ಮೀಟರ್ ಅದನ್ನು ಡಬಲ್ ಮಾಡಿ ಹೊಗಳುತ್ತದೆ, ಬಲಗಾಲಿನದಾದರೆ ಏನೂ ನಡೆದೇ ಇಲ್ಲವೆಂಬಂತೆ ಆಕಾಶ ನೋಡುತ್ತದೆ.

ಪೆಡಲ್‌ನ ಮೀಟರ್ ಹಾಕಲು ತೆಗೆಯಲು ಸುಲಭ, ಎಡಗಡೆಯ ಪೆಡಲ್‌ಗೆ ಉಲ್ಟಾ ಥ್ರೆಡ್ ಎಂಬುದು ನೆನಪಿದ್ದರೆ. ಈ ಸುಲಭದಲ್ಲೇ ಒಂದು ಗುಂಡಿಯಿದೆ. ಪೆಡಲ್‌ಗೆ ಬಲ ಗೊತ್ತು, ಕ್ರ್ಯಾಂಕಿನ ಉದ್ದ ಗೊತ್ತಿಲ್ಲ. ನೀವೇ ಆ್ಯಪ್‌ನಲ್ಲಿ ಹೇಳಬೇಕು. ಭಾನುವಾರ ನಂದಿ ಬೆಟ್ಟಕ್ಕೆ ಹೋದ ರೋಡ್ ಸೈಕಲ್‌ನಲ್ಲಿ 172.5 ಮಿ.ಮೀ., ಸೋಮವಾರ ಟ್ರ್ಯಾಕ್ ಸೈಕಲ್‌ನಲ್ಲಿ 165. ಬದಲಿಸಲು ಮರೆತರೆ ಪ್ರತಿ ಓದೂ ನಾಲ್ಕೂವರೆ ಪರ್ಸೆಂಟ್ ಜಾಸ್ತಿ. ತುಳಿದದ್ದು 300, ಕಂಡದ್ದು 314. ರಾತ್ರಿ ಬೆಳಗಾಗುವುದರೊಳಗೆ ಬಂದ ಈ ಹದಿನಾಲ್ಕು ವ್ಯಾಟನ್ನು ಜನ ರಾಗಿ ಮುದ್ದೆಯ ಖಾತೆಗೋ ಹೊಸ ಕೋಚ್‌ನ ಖಾತೆಗೋ ಜಮಾ ಮಾಡುತ್ತಾರೆ. ಸ್ಪೈಡರ್‌ನ ಮೀಟರ್‌ಗೆ ಈ ಉಪದ್ರವವಿಲ್ಲ, ಅದು ನೇರ ಟಾರ್ಕ್ ಅಳೆಯುತ್ತದೆ. ಎರಡೂ ಕಾಲು ಅದರ ಮೂಲಕವೇ ಹಾಯಬೇಕು. ಹಣವಿದ್ದು 144 ಸಿಗುವುದಾದರೆ ಸ್ಪೈಡರೇ ಸರಿ. ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಮೀಟರ್ ವಿಚಾರಕ್ಕೆ ಹೋಗುವುದೇ ಬೇಡ: ಟ್ರ್ಯಾಕ್‌ನ ಹಿಂದಿನ ಹಬ್ 120 ಮಿ.ಮೀ. ಅಗಲ, ಅಷ್ಟಕ್ಕೆ ಹೊಂದುವುದು ಸಿಕ್ಕರೂ ರೇಸಿನ ದಿನ ಅದರ ಬದಲು ಕಡ್ಡಿಗಳಿಲ್ಲದ ಡಿಸ್ಕ್ ಚಕ್ರ ಹಾಕುತ್ತೀರಿ, ಮೀಟರ್ ಮನೆಯಲ್ಲಿ ಕೂತು ಟಿವಿ ನೋಡುತ್ತದೆ.

ಸ್ಪ್ರಿಂಟರ್‌ಗಳ ದೊಡ್ಡ ದೂರು ಒಂದೇ. 'ಪ್ರಾಣ ಹೋಗೋ ಹಾಗೆ ಒತ್ತಿದೆ, ಮೊದಲ ಎರಡು ಸೆಕೆಂಡು ಸೊನ್ನೆ ತೋರ್ಸತ್ತೆ!' ಮೀಟರ್ ಸುಳ್ಳು ಹೇಳುತ್ತಿಲ್ಲ, ಅದಕ್ಕಿನ್ನೂ ನಿದ್ದೆ ಹರಿದಿಲ್ಲ. ಬಹುತೇಕ ಮೀಟರ್‌ಗಳು ಒಂದು ಸುತ್ತು ಪೂರ್ತಿಯಾದ ಮೇಲೆ ಲೆಕ್ಕ ಒಪ್ಪಿಸುತ್ತವೆ. 50 ಹಲ್ಲು ಮುಂದೆ, 15 ಹಿಂದೆ ಇದ್ದರೆ ಒಂದು ಸುತ್ತಿಗೆ ಸೈಕಲ್ ಸುಮಾರು ಏಳು ಮೀಟರ್ ಹೋಗುತ್ತದೆ. ನಿಂತಲ್ಲಿಂದ ಆ ಏಳು ಮೀಟರ್‌ಗೆ ಹತ್ತಿರ ಹತ್ತಿರ ಎರಡು ಸೆಕೆಂಡ್ ಬೇಕು. ಮ್ಯಾಗ್ನೆಟ್ ಇಲ್ಲದೆ ಆ್ಯಕ್ಸಿಲರೋಮೀಟರ್‌ನಿಂದ ಸುತ್ತು ಎಣಿಸುವ ಕೆಲವಕ್ಕೆ ಇನ್ನೂ ಒಂದೆರಡು ಸುತ್ತು ಬೇಕಾದೀತು. ಮೇಲಾಗಿ ವ್ಯಾಟ್ ಎಂಬುದೇ ಇಲ್ಲಿ ತಪ್ಪು ತಕ್ಕಡಿ. 200 ನ್ಯೂಟನ್ ಮೀಟರ್ ಒತ್ತಿ ನಿಮಿಷಕ್ಕೆ 20 ಸುತ್ತಿನ ವೇಗದಲ್ಲಿದ್ದರೆ ಆಗುವುದು 419 ವ್ಯಾಟ್. ಅದರ ಅರ್ಧ ಬಲ ಹಾಕಿ 120 ಸುತ್ತಿನಲ್ಲಿದ್ದರೆ 1257. ಮೊದಲನೆಯದರಲ್ಲಿ ಹಲ್ಲು ಕಚ್ಚಿ ಕಣ್ಣು ಹೊರಬಂದಿರುತ್ತದೆ, ಎರಡನೆಯದನ್ನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ಆದ್ದರಿಂದ ಸ್ಟಾರ್ಟ್ ಅಭ್ಯಾಸ ಮಾಡುವವರು ಕೇಳಬೇಕಾದ್ದು ಎರಡು: ಟಾರ್ಕ್ ರೆಕಾರ್ಡ್ ಆಗುತ್ತದಾ? ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಆಗುತ್ತದಾ? ಮಾರುವವನು ತಲೆ ಕೆರೆದುಕೊಂಡರೆ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ. ಸ್ಟಾರ್ಟ್ ಗೇಟಿಗೆ ಹೋಗುವ ಮುಂಚೆ ಹಿಂದಿನ ಚಕ್ರ ಎತ್ತಿ ನಾಲ್ಕು ಸುತ್ತು ತಿರುಗಿಸಿ. ಸುಮ್ಮನೆ ಬಿಟ್ಟ ಮೀಟರ್ ಕೆಲವು ನಿಮಿಷಕ್ಕೇ ಮಲಗಿಬಿಡುತ್ತದೆ.

ಸೊನ್ನೆ ಹಾಕುವುದರಲ್ಲೂ, ಅಂದರೆ ಬಲ ಬೀಳದಿದ್ದಾಗ ಮೀಟರ್ ಸೊನ್ನೆಯನ್ನೇ ಹೇಳುವಂತೆ ಮಾಡುವುದರಲ್ಲೂ, ಇದೇ ಫಿಕ್ಸೆಡ್ ತಾಪತ್ರಯ. ರೋಡ್‌ನಲ್ಲಿ ಕಾಲು ನಿಲ್ಲಿಸಿದ ಗಳಿಗೆಯಲ್ಲೋ ಹಿಂದಕ್ಕೆ ತುಳಿದಾಗಲೋ ತಾನಾಗಿಯೇ ಸೊನ್ನೆ ಸರಿಮಾಡಿಕೊಳ್ಳುವ ಮೀಟರ್‌ಗಳಿವೆ. ಟ್ರ್ಯಾಕ್‌ನಲ್ಲಿ ಆ ಗಳಿಗೆ ಬರುವುದೇ ಇಲ್ಲ. ಹಾಗಾಗಿ ಪ್ರತಿ ಸಲವೂ ಕೈಯಾರೆ ಮಾಡಬೇಕು, ಅದೂ ಸೈಕಲ್ ಗೋಡೆಗೆ ಒರಗಿಸಿಟ್ಟು ಅಲ್ಲ. ಚಕ್ರ ನೆಲದ ಮೇಲಿದ್ದು ಸೈಕಲ್ ಒಂಚೂರು ಮುಂದೆ ಹಿಂದೆ ಆದರೂ ಚೈನ್ ಬಿಗಿಯುತ್ತದೆ, ಆ ಬಿಗಿತವನ್ನೇ ಸ್ಪೈಡರ್ ಸೊನ್ನೆ ಎಂದು ನಂಬುತ್ತದೆ. ಹಿಂದಿನ ಚಕ್ರ ಎತ್ತಿ, ಪೆಡಲ್ ಮೇಲೆ ಯಾರ ಕಾಲೂ ಯಾರ ಕೈಯೂ ಇಲ್ಲದಂತೆ ಸೊನ್ನೆ ಹಾಕಿ. ಚೈನ್‌ಗೆ ನಡುವೆ ಒಂದು ಸೆಂಟಿಮೀಟರ್ ಆಟ ಇರಲಿ, ತಂತಿಯ ಹಾಗೆ ಬಿಗಿಯಬೇಡಿ. ರಿಂಗ್ ಬದಲಿಸಿದಾಗಲೆಲ್ಲ ಮತ್ತೆ ಸೊನ್ನೆ. ಫ್ಯಾನಿನ ಕೆಳಗಿನಿಂದ ಬಿಸಿಲಿಗೆ ತಂದರೂ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಸೊನ್ನೆ. ಲೋಹಕ್ಕೂ ಊರಿನ ಹವೆಗೆ ಒಗ್ಗಲು ಸಮಯ ಬೇಕು.

ಹವೆ ಎಂದಾಗ ಇನ್ನೊಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ಹತ್ತು ಪರ್ಸೆಂಟಿನಷ್ಟು ಕಡಿಮೆ. ಅದೇ ವೇಗಕ್ಕೆ ದೆಹಲಿಯ ಚಳಿಗಾಲದ ದಪ್ಪ ಗಾಳಿಯಲ್ಲಿ ಹೆಚ್ಚು ವ್ಯಾಟ್ ಬೇಕು. ಅಲ್ಲಿಗೆ ಹೋಗಿ ಮೀಟರ್ ಕೆಟ್ಟಿದೆ ಎಂದು ಬಿಚ್ಚಿ ಕೂರಬೇಡಿ.

ಪರದೆಯ ಪೆಟ್ಟಿಗೆಯ ವಿಷಯ ಬೇಗ ಮುಗಿಸೋಣ. ಸ್ಪರ್ಧೆಯಲ್ಲಿ ಅದು ಸವಾರನ ಕಣ್ಣಿಗೆ ಬೀಳುವಂತಿಲ್ಲ, ಸೀಟಿನ ಕೆಳಗೆ ಕಟ್ಟುತ್ತಾರೆ. ಜೇಬಿನಲ್ಲಿಟ್ಟರೆ ಮಧ್ಯೆ ನಿಮ್ಮ ಮೈ ಅಡ್ಡ. ಬಹುಪಾಲು ನೀರೇ ಆಗಿರುವ ಮೈ ಸಿಗ್ನಲ್ ನುಂಗುತ್ತದೆ. ಸೂರಿನ ಕೆಳಗೆ ಜಿಪಿಎಸ್ ದಿಕ್ಕೆಡುವುದರಿಂದ ನಿಂತಾಗ ತಾನಾಗಿಯೇ ರೆಕಾರ್ಡ್ ನಿಲ್ಲಿಸುವ ಆಟೋ ಪಾಜ್ ಆಫ್ ಮಾಡಿ, ಇಲ್ಲದಿದ್ದರೆ ನೀವು ಅರವತ್ತರಲ್ಲಿ ಹೋಗುವಾಗ ಅದು 'ನಿಂತಿದ್ದಾರೆ' ಎಂದು ಬರೆದುಕೊಳ್ಳುತ್ತದೆ. ಮೀಟರಿಗೆ ಹಾಕುವ ಬಟನ್ ಸೆಲ್ ಫುಟ್‌ಪಾತ್‌ನಲ್ಲಿ ಕೊಳ್ಳಬೇಡಿ.

ಕೊನೆಗೆ, ಮೀಟರ್ ಸತ್ಯ ಹೇಳುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಕ್ರ್ಯಾಂಕ್ ನೆಲಕ್ಕೆ ಸಮನಾಗಿ, ಮುಂದಕ್ಕೆ ನಿಲ್ಲಿಸಿ, ರಸಮಟ್ಟ ಇಟ್ಟು ನೋಡಿ. ಬ್ರೇಕ್ ಇಲ್ಲವಲ್ಲ, ಹಿಂದಿನ ಚಕ್ರವನ್ನು ಫ್ರೇಮಿಗೆ ಪಟ್ಟಿಯಿಂದ ಬಿಗಿಯಿರಿ. ಸೊನ್ನೆ ಹಾಕಿ. ಪೆಡಲ್‌ನ ನಡುವಿಗೆ ಗೊತ್ತಿರುವ ತೂಕ ತೂಗುಹಾಕಿ, ನೆಲದಿಂದ ನಾಲ್ಕು ಬೆರಳು ಮೇಲೆ. ತೂಕ, 9.78, ಮೀಟರ್ ಲೆಕ್ಕದಲ್ಲಿ ಕ್ರ್ಯಾಂಕಿನ ಉದ್ದ, ಮೂರನ್ನೂ ಗುಣಿಸಿದರೆ ಆ್ಯಪ್‌ನಲ್ಲಿ ಬರಬೇಕಾದ ಟಾರ್ಕ್. ಎಡ ಕ್ರ್ಯಾಂಕಿನ ಮೀಟರ್ ಅಭ್ಯಾಸಬಲದಿಂದ ಇದನ್ನೂ ಡಬಲ್ ತೋರಿಸಿದರೆ ಗಾಬರಿ ಬೇಡ.

ಗೊತ್ತಿರುವ ತೂಕ ಎಂದಾಗ ಬೆಂಗಳೂರಿನ ಮನೆಯಲ್ಲಿ ಕಣ್ಣಿಗೆ ಬೀಳುವುದು ಸೋನಾ ಮಸೂರಿ ಮೂಟೆ. 25 ಕೆಜಿ ಎಂದುಕೊಂಡು ನೇತುಹಾಕುತ್ತಾರೆ: 165 ಮಿ.ಮೀ. ಕ್ರ್ಯಾಂಕ್‌ಗೆ 40.3 ಬರಬೇಕು, ಬರುವುದು 42. ಮೀಟರ್ ನಾಲ್ಕು ಪರ್ಸೆಂಟ್ ಜಾಸ್ತಿ ಹೇಳುತ್ತಿದೆ ಎಂದು ತೀರ್ಮಾನಿಸಿ, ಸರಿಯಾಗಿದ್ದುದನ್ನು ತಿದ್ದಿ ಕೆಡಿಸುತ್ತಾರೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂತು. ಅಂದಿನಿಂದ ಎಷ್ಟೋ ಮೂಟೆಗಳು 26 ಕೆಜಿಯವು. ಮೂಟೆಯ ಮೇಲೆ ಸ್ಪಷ್ಟವಾಗಿ ಬರೆದಿದೆ, ಓದಿದವರಿಲ್ಲ. ಅದನ್ನೂ ನಂಬದೆ ದಿನಸಿ ಅಂಗಡಿಯ ಸೀಲ್ ಇರುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹಗ್ಗದ ಸಮೇತ ತೂಗಿಸಿ ತನ್ನಿ. 'ಅಕ್ಕಿ ಕಮ್ಮಿ ಬಂತಾ ಸಾರ್?' ಎಂದು ಅಂಗಡಿಯವರು ಕೇಳಿದರೆ ಟಾರ್ಕ್ ವಿವರಿಸಲು ಹೋಗಬೇಡಿ, ಹಿಂದೆ ಕ್ಯೂ ಬೆಳೆಯುತ್ತದೆ. ಮೂಟೆಯ ಬಾಯಿಯ ಹೊಲಿಗೆ ಬಿಚ್ಚಿರದ ದಿನವೇ ಈ ಪರೀಕ್ಷೆ ಮಾಡಿ. ಬಿಚ್ಚಿದ್ದರೆ ಕೆಳಗೆ ಚಾಪೆ ಹಾಸಿ, ಅಮ್ಮ ತರಕಾರಿಗೆ ಹೋದ ಹೊತ್ತು ನೋಡಿಕೊಳ್ಳಿ.