ಮಾಮನ ಕ್ಯಾರವಾನ್, ನಮ್ಮ 14 ಅಡಿ ಓಣಿ

ಕಾರವಾರದಲ್ಲಿ ನಮ್ಮ ಓಣಿಯ ಅಗಲ 14 ಅಡಿ. ಸುಮ್ನೆ ಅಂದಾಜಿಗೆ ಹೇಳುತ್ತಿಲ್ಲ, ಟೇಪ್ ಹಿಡಿದು ಅಳೆದಿದ್ದೇನೆ.

ಎದುರುಮನೆ ಮಾಮ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿ ತಂದರು. ಒಳಗೆ ಮಂಚ, ಸಿಂಕು, ಪುಟ್ಟ ಫ್ರಿಜ್ ಎಲ್ಲಾ ಇದೆ. ನಿಲ್ಲಿಸೋಕೆ ಜಾಗ ಮಾತ್ರ ಇಲ್ಲ. ವರ್ಷಕ್ಕೆ ಎರಡು ಸಲ ಹೊರಡುವ ಗಾಡಿ, ಉಳಿದ ದಿನವೆಲ್ಲ ನಮ್ಮ ಗೇಟಿನ ಎದುರೇ ಬಿಡಾರ.

ಮೊದಮೊದಲು ಯಾರೂ ಮಾತಾಡಲಿಲ್ಲ. ಮಕ್ಕಳಿಗಂತೂ ಖುಷಿಯೋ ಖುಷಿ. ಆಮೇಲೆ ಕಸದ ಗಾಡಿ ತಿರುವಿನಲ್ಲೇ ನಿಂತು, ಹಾಡು ಹಾಕಿ, ವಾಪಸ್ ಹೋಗತೊಡಗಿತು. ಸಿಲಿಂಡರ್ ತರುವವನು "ಒಳಗೆ ಬರಲ್ಲ ಅಣ್ಣ, ನೀವೇ ಒಯ್ಯಿರಿ" ಎಂದ. ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿದರೆ 30ರ ಹತ್ತಿರ. ಬೆನ್ನು ಹಿಡಿದುಕೊಂಡ ದಿನ ನನಗೂ ಸಿಟ್ಟು ಬಂತು.

ಓಣಿಯ ವಾಟ್ಸಾಪ್ ಗ್ರೂಪಿಗೆ ಫೋಟೋ ಬಿತ್ತು. ಹಿಂದೆಯೇ ಕಾನೂನೂ ಬಿತ್ತು. ಕಾನೂನು ಇರೋದು ನಿಜ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ಬೇರೆಯವರಿಗೆ ಅಡ್ಡಿ ಆಗುವ ಹಾಗೆ ರಸ್ತೆಯಲ್ಲಿ ಗಾಡಿ ಬಿಡುವಂತಿಲ್ಲ. 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಹೇಳುವವರು ಕೇಳುವವರು ಇಲ್ಲದೆ ನಿಂತ ಗಾಡಿಯನ್ನು ಪೊಲೀಸರು ಎಳೆಸಿ ಒಯ್ಯಬಹುದು, ಅದು 127ನೇ ಕಲಂ. ಆದರೆ ಇಡೀ ಓಣಿಯ ಎದುರು ಕಲಂ ಓದಿಸಿಕೊಂಡವರು ಗಾಡಿ ತೆಗೀತಾರಾ? ಮಾಮ ಗ್ರೂಪ್ ಬಿಟ್ಟರು. ಗಾಡಿ ಅಲ್ಲೇ ಇತ್ತು.

ಮಳೆ ಹಿಡಿಯಿತು. ಮಾಮ ನೀಲಿ ತಾಡಪತ್ರಿ ಹೊದಿಸಿದರು. ಒಂದು ಬೆಳಿಗ್ಗೆ ಹಾಲಿಗೆ ಹೊರಟಾಗ ನೋಡುತ್ತೇನೆ, ಬಾನೆಟ್ ಹತ್ತಿರ ತಾಡಪತ್ರಿ ಎರಡು ಹಗ್ಗದ ನಡುವೆ ಜೋತುಬಿದ್ದು ತೊಟ್ಟಿಲಾಗಿದೆ. ಅದರಲ್ಲಿ ತಿಳಿ ನೀರು, ನಾಲ್ಕು ಹಲಸಿನ ಎಲೆ, ಬಳುಕುತ್ತಾ ಮೇಲೆ ಕೆಳಗೆ ಓಡಾಡುವ ಹುಳಗಳು. ಸೊಳ್ಳೆ ಮರಿ! ಡೆಂಗಿ ಸೊಳ್ಳೆಗೆ ಇಂಥ ತಿಳಿ ನೀರೇ ಇಷ್ಟ. ಮೊಟ್ಟೆಗೆ ರೆಕ್ಕೆ ಬರಲು ಎಂಟ್ಹತ್ತು ದಿನ ಸಾಕು. ಮನೆಯಿಂದ ಸ್ಟೀಲ್ ಲೋಟ ತಂದು ಆ ನೀರು ಮೊಗೆದುಕೊಂಡು ಸೀದಾ ಮಾಮನ ಬಾಗಿಲು ತಟ್ಟಿದೆ. (ಯಾವ ಲೋಟ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.)

"ಮಾಮ, ಇದು ನಿಮ್ಮ ಗಾಡಿ ಮೇಲಿಂದು."

ಲೋಟವನ್ನು ಬೆಳಕಿಗೆ ಓರೆ ಮಾಡಿ ನೋಡಿದರು. "ಛೇ, ಮೊಮ್ಮಗ ಬೇರೆ ಬಂದಿದ್ದಾನೆ ಮಾರಾಯ" ಅಂದವರೇ ಏಣಿ ತಂದರು. ಹತ್ತಿ ನೋಡಿದರೆ ಮೇಲೂ ಎರಡು ಕಡೆ ಅದೇ ಕತೆ. ಎಲ್ಲ ಚೆಲ್ಲಿದ ಮೇಲೆ ಚಹಾ ಆಯ್ತು. ಆಗ ಮೆಲ್ಲಗೆ ಜಾಗದ ಮಾತು ತೆಗೆದೆ.

"ತೆಗೀತೇನೆ. ನಿನ್ನ ಗೇಟಿನ ರ್‍ಯಾಂಪು ರಸ್ತೆಗೆ ಎಷ್ಟು ಬಂದಿದೆ, ನೋಡಿದ್ದೀಯಾ?"

ಟೇಪ್ ಹಿಡಿದದ್ದು ಆಗಲೇ. ಕ್ಯಾರವಾನಿಗೆ ಕನ್ನಡಿ ಸೇರಿ 7 ಅಡಿ, ನನ್ನ ರ್‍ಯಾಂಪಿಗೆ 2. ಉಳಿದದ್ದು 5. ಕಸದ ಗಾಡಿಯ ಅಗಲವೇ ಹತ್ತಿರ ಹತ್ತಿರ 5 ಅಡಿ. ನನ್ನ ಆ 2 ಅಡಿ ಇಲ್ಲದಿದ್ದರೆ ಅದು ಆರಾಮಾಗಿ ಒಳಗೆ ಬರುತ್ತಿತ್ತು. ಇದನ್ನು ಗ್ರೂಪಿನಲ್ಲಿ ನಾನು ಹಾಕಿಲ್ಲ, ಇಲ್ಲೇ ಹೇಳುತ್ತಿದ್ದೇನೆ.

ಹಾಗಂತ ಮಾಮ ಮಾಡಿದ್ದು ಸರಿ ಅಂತಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದಾಗ ಗಾಡಿಯ ಜೊತೆಗೇ ಅದನ್ನು ನಿಲ್ಲಿಸುವ ಪಾರ್ಕಿನ ಮಾತೂ ಇತ್ತು. ಮನೆಗೆ ಗಾಡಿ ತರುವವರೂ ಆ ಲೆಕ್ಕ ಮೊದಲೇ ಹಾಕಬೇಕಲ್ವಾ?

ಈಗ ಕ್ಯಾರವಾನ್ ಕಾಳಿ ನದಿಯಾಚೆ, ಸದಾಶಿವಗಡದ ಕಡೆ ಅವರ ನೆಂಟರ ತೋಟದಲ್ಲಿದೆ. ತೆಂಗಿನಕಾಯಿ ಬೀಳದ ಜಾಗ ನೋಡಿ ನಿಲ್ಲಿಸಿದ್ದಾರಂತೆ. ನನ್ನ ರ್‍ಯಾಂಪು ಒಡೆಯೋಕೆ ಗೌಂಡಿ "ಮಳೆ ಮುಗೀಲಿ" ಅಂದಿದ್ದಾನೆ. ಮಾಮ ದಿನಾ ಬೆಳಿಗ್ಗೆ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ವಾಕಿಂಗ್ ಹೋಗುತ್ತಾರೆ.