ಬರುವುದಾದರೆ ಸಂಜೆ ನಾಲ್ಕಕ್ಕೆ ಬನ್ನಿ

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ತವರಿನ ಒಂದೆರಡು ಪಂದ್ಯಗಳನ್ನು ತುಮಕೂರಿನಲ್ಲಿ ಆಡಲಿ ಎಂದು ಲೇಖನವೊಂದರಲ್ಲಿ ಕೊಟ್ಟ ಸಲಹೆ ಓದಿ ಖುಷಿಯಾಯಿತು. '70 ಕಿ.ಮೀ. ತಾನೆ, ಬೇಕಾದವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೇ ಬರಲಿ' ಎಂದು ಮೂಗು ಮುರಿಯುವವರಿಗೆ ಒಂದು ಮಾತು.

2016ರ ಅಕ್ಟೋಬರ್‌ನಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್ ನೋಡಲು ನಾನೂ ಮಗನೂ ಅಲ್ಲಿಗೆ ಹೋಗಿದ್ದೆವು. ಸುನಿಲ್ ಚೆಟ್ರಿ ಎರಡು ಗೋಲು ಹೊಡೆದರು, ಮಲೇಷ್ಯಾದ ಜೊಹೊರ್ ತಂಡ 3–1ರಿಂದ ಸೋತಿತು, ಭಾರತದ ಕ್ಲಬ್ಬೊಂದು ಮೊದಲ ಸಲ ಆ ಟೂರ್ನಿಯ ಫೈನಲ್ ತಲುಪಿತು. ಕುಣಿಯಬೇಕಾದ ಹೊತ್ತಿನಲ್ಲಿ ನಾನು ಗಡಿಯಾರ ನೋಡುತ್ತಿದ್ದೆ. ಯಶವಂತಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ತುಮಕೂರಿನ ಬಟವಾಡಿಯಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಒಂದೂ ಆಟೊ ಇರಲಿಲ್ಲ. ನಿದ್ದೆಗಣ್ಣಿನ ಹುಡುಗನನ್ನು ಹೆಗಲಿಗೇರಿಸಿಕೊಂಡು ಮನೆಯವರೆಗೆ ನಡೆದೆ. ಅವನ ಕೈಯಲ್ಲಿದ್ದ ನೀಲಿ ಬಾವುಟದ ಕೋಲು ದಾರಿಯುದ್ದಕ್ಕೂ ನನ್ನ ಕಿವಿಗೆ ಚುಚ್ಚುತ್ತಿತ್ತು!

ಹಾಗೆಂದು ಮೊದಲ ದರ್ಜೆಯ ತಂಡವೇ ನಾಳೆ ಬರಲಿ ಎನ್ನುವುದು ಅತಿಯಾಸೆ. ಸ್ಮಾರ್ಟ್ ಸಿಟಿ ಹಣದಲ್ಲಿ ನಮ್ಮೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣ ಹೊಸ ರೂಪ ಪಡೆದಿದೆ, ಸರಿ. ಆದರೆ ಗ್ಯಾಲರಿ ಇದ್ದ ಮಾತ್ರಕ್ಕೆ ಲೀಗ್ ಪಂದ್ಯ ಸಿಗುವುದಿಲ್ಲ. 105 ಮೀಟರ್ ಉದ್ದ, 68 ಮೀಟರ್ ಅಗಲದ ಹುಲ್ಲನ್ನು ವರ್ಷವಿಡೀ ನೋಡಿಕೊಳ್ಳುವ ಕೈಗಳು ಬೇಕು, ನೇರಪ್ರಸಾರಕ್ಕೆ ಸಾಲುವ ಹೊನಲು ಬೆಳಕು ಬೇಕು. ಮೊದಲು ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಆಡುವ ಕ್ಲಬ್ಬಿನ ಮೀಸಲು ತಂಡವನ್ನೇ ಕಳುಹಿಸಲಿ. ಭಾನುವಾರ ಸಂಜೆ ನಾಲ್ಕಕ್ಕೆ ಆಡಿದರೆ ದೀಪದ ತಂಟೆಯೂ ಇಲ್ಲ, ಪಾವಗಡ, ಮಧುಗಿರಿ ಕಡೆಯ ಹುಡುಗರೂ ಕೊನೆಯ ಬಸ್ಸಿಗೆ ಮುಂಚೆ ಊರು ಸೇರುತ್ತಾರೆ.