ಆಪಲ್ ಸಾಕು, ಒಂದು ಕುಂಡ ಕೊಡಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರನ್ನು ನೋಡಲು ನಮ್ಮೂರಲ್ಲಿ ಆಪಲ್, ಹಾರ್ಲಿಕ್ಸ್ ಹಿಡಿದು ಹೋಗುತ್ತೇವೆ. ಸಲಹೆ ಪುಕ್ಕಟೆ. ಬದನೆಕಾಯಿ ನಂಜು, ತಿನ್ನಬೇಡಿ. ಮಣ್ಣು ಗಿಣ್ಣು ಮುಟ್ಟಬೇಡಿ, ಸುಮ್ನೆ ಮಲಗಿರಿ. ಶಿವಮೊಗ್ಗದ ನಮ್ಮ ಚಿಕ್ಕಮ್ಮನಿಗೂ ಇದೇ ಆಯಿತು. ಹಿತ್ತಲಲ್ಲಿ ಬಸಳೆ ಚಪ್ಪರ ಸಾಕಿದವರು ಈಗ ಸೊಪ್ಪಿನವರ ಕೂಗಿಗೆ ಕಾಯುತ್ತಾ ಜಗಲಿ ಮೇಲೆ ಕೂತಿರುತ್ತಾರೆ.

ನಾನಿರುವ ಅಮೆರಿಕದ ಅಲಬಾಮಾದಲ್ಲಿ ರೀತಿಯೇ ಬೇರೆ. ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯದವರು 'ಹಾರ್ವೆಸ್ಟ್ ಫಾರ್ ಹೆಲ್ತ್' ಅಂತ ಒಂದು ಕೆಲಸಕ್ಕೆ ಕೈಹಾಕಿದರು. ಕ್ಯಾನ್ಸರ್ ದಾಟಿ ಬಂದ ಹಿರಿಯರ ಮನೆಗೇ ಗಿಡದ ಪೆಟ್ಟಿಗೆ, ಬೀಜ, ಸಸಿ, ಸಲಕರಣೆ ತಲುಪಿಸಿದರು. ಜೊತೆಗೆ ಒಬ್ಬೊಬ್ಬರಿಗೂ ಒಬ್ಬ 'ಮಾಸ್ಟರ್ ಗಾರ್ಡನರ್'. ಇವರು ತರಬೇತಿ ಪಡೆದ ಸ್ವಯಂಸೇವಕರು, ಸಂಬಳ ಇಲ್ಲ. ವರ್ಷವಿಡೀ ತಿಂಗಳಿಗೆ ಒಮ್ಮೆ ಮನೆಗೆ ಬರುತ್ತಿದ್ದರು, ಇನ್ನೊಮ್ಮೆ ಫೋನು, ಇಮೇಲು. ಹುಳ ಬಿತ್ತಾ, ನೀರು ಜಾಸ್ತಿ ಆಯ್ತಾ ಅನ್ನೋ ಮಾತೇ ಹೊರತು ಕಾಯಿಲೆ ಪುರಾಣ ಅಲ್ಲ. ನನಗೆ ಹಿಡಿಸಿದ್ದು ಇದೇ. ತರಕಾರಿ ಜಾಸ್ತಿ ತಿನ್ನಿ ಅಂತ ಡಾಕ್ಟರು ಎಲ್ಲ ಕಡೆಯೂ ಹೇಳುತ್ತಾರೆ. ನಮ್ಮ ತಟ್ಟೆಯಲ್ಲಿ ಮಾತ್ರ ಅನ್ನದ ಗುಡ್ಡೆ, ಮೂಲೆಯಲ್ಲಿ ಚೂರು ಪಲ್ಯ. ತಾನೇ ಬೆಳೆದ ಸೊಪ್ಪಾದರೆ ಬಿಸಾಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಪವಾಡವೇನೂ ಆಗಲಿಲ್ಲ. 2024ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 381 ಜನ ಇದ್ದರು. ತೋಟ ಮಾಡಿದವರು ಹಣ್ಣು ತರಕಾರಿ ತಿನ್ನುವುದು ಹೆಚ್ಚಿದ್ದು ಸ್ವಲ್ಪವೇ. ಮೈಯ ಕಸುವು ಒಂದಿಷ್ಟು ಸುಧಾರಿಸಿತು. ತೋಟವೇ ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮವರ ಭಯವೂ ಪೂರ್ತಿ ಸುಳ್ಳಲ್ಲ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿದ್ದರೆ ಮಣ್ಣು, ಗೊಬ್ಬರದ ಬೂಷ್ಟಿನಿಂದ ಸೋಂಕು ತಗಲಬಹುದು. ಸ್ತನ ಕ್ಯಾನ್ಸರ್‌ಗೆ ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕೈಗೆ ಮುಳ್ಳು ಚುಚ್ಚಿದರೂ ಸೋಂಕಾಗಿ ಬಾವು ಬರಬಹುದು. ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ಗ್ಲೌಸ್ ಹಾಕಿಕೊಳ್ಳಬೇಕು. ಕುಂಡವನ್ನು ಸೊಂಟದೆತ್ತರಕ್ಕೆ ಇಟ್ಟರೆ ಬಗ್ಗುವ ಕಷ್ಟವೂ ತಪ್ಪುತ್ತದೆ.

ಇಲ್ಲಿಯವರನ್ನು ತೀರಾ ಹೊಗಳಬೇಕಾಗಿಯೂ ಇಲ್ಲ. ಪಕ್ಕದ ಮನೆಯವರಿಗೆ ಹುಷಾರಿಲ್ಲ ಅಂತ ಇಲ್ಲಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಬೀದಿಗೆಲ್ಲ ಗೊತ್ತು. ಟೆರೇಸ್ ತುಂಬಾ ಕುಂಡ ಇಟ್ಟುಕೊಂಡ ರಿಟೈರ್ಡ್ ಮೇಷ್ಟ್ರೂ ಆ ಬೀದಿಯಲ್ಲೇ ಇರುತ್ತಾರೆ. ತೋಟಗಾರಿಕೆ ಇಲಾಖೆಯೂ ಇದೆ. ಆಸ್ಪತ್ರೆಯವರು ಇಂಥವರ ಒಂದು ಪಟ್ಟಿ ಇಟ್ಟುಕೊಂಡು, ಡಿಸ್ಚಾರ್ಜ್ ಚೀಟಿ ಜೊತೆ ಒಂದು ಫೋನ್ ನಂಬರ್ ಕೊಟ್ಟರೂ ಆದೀತು. ಮೊದಲಿಗೆ ಮೆಂತ್ಯ ಬಿತ್ತಿಸಲಿ. ಬೇಗ ಮೊಳೆಯುತ್ತದೆ, ತಿಂಗಳೊಪ್ಪತ್ತಿನಲ್ಲಿ ಸಾರಿಗಾಗುತ್ತದೆ.